ಮೂರನೆಯ ಪೆಂಡೆಯ

ಸಿಂಗನದುರ್ಗವನ್ನು ಕಾಯುತ್ತಿರುವುದು ಗಂಡಪೆಂಡೆಯ ತೊಟ್ಟ ಕಾಲುಗಳೇ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಹಾಗೆ ನಂಬಲು ರಾಜಧಾನಿಯೇ ಒತ್ತಾಸೆಯಾಗಿತ್ತು. ಹೆಬ್ಬಂಡೆಗೆ ಹೆಬ್ಬಂಡೆ ಒರಗಿ ನಿಂತ ಗುಡ್ಡ, ಅದನ್ನು ಬಳಸಿದ ಐದು ಸುತ್ತಿನ ಕೋಟೆ, ಸುತ್ತು ಸುತ್ತಿಗೂ ಒಂದೊಂದು ಹೊಂಡ, ಹೊಂಡದ ಮೆಟ್ಟಿಲುಗಳ ಮೇಲೆ ಕುದುರೆ ತೊಳೆಯುವವರ ಮತ್ತು ನೀರು ಹೊರುವವರ ನಿಲ್ಲದ ಜಗಳ. ಬಡಗಣ ಬಾಗಿಲ ಇಕ್ಕೆಲಗಳಲ್ಲಿ ಆಳೆತ್ತರದ ಎರಡು ಕಲ್ಲಿನ ಕಾಲುಗಳಿದ್ದವು. ಮೊಣಕಾಲಿನಿಂದ ಮೇಲೆ ಏನೂ ಇರಲಿಲ್ಲ. ಶಿಲ್ಪಿಗೆ ಬೇಕಾದದ್ದು ಕಾಲು ಮತ್ತು ಕಾಲಿಗೆ ಸುತ್ತಿದ ಪೆಂಡೆಯ, ಮುಖ ಯಾರದಾದರೇನು. ಪೇಟೆಗೆ ಬಂದ ರೈತರು ಅವಕ್ಕೆ ಎಣ್ಣೆ ಸವರಿ ಕೈಮುಗಿದು ಒಳಗೆ ಹೋಗುತ್ತಿದ್ದರು.

ಪೆಂಡೆಯವೆಂದರೆ ಹೆಬ್ಬೆರಳು ದಪ್ಪದ ಹೊನ್ನಿನ ಬಳೆ. ರಣದಲ್ಲಿ ಮೆರೆದವನ ಎಡಗಾಲಿಗೆ ಅರಸನ ಸಮ್ಮುಖದಲ್ಲಿ ಅದನ್ನು ತೊಡಿಸಿ, ಅಕ್ಕಸಾಲಿಗನು ಮೊಳೆ ಬಡಿದು ಬೆಸೆಯುತ್ತಿದ್ದನು. ಮತ್ತೆ ತೆಗೆಯುವುದು ಹೆಣದ ಕಾಲಿನಿಂದಲೇ. ಬೆಸೆಯುವಾಗ ಮೊದಲೇ ಪೆಂಡೆಯ ಪಡೆದ ಮೂವರು ತಮ್ಮ ಎಡಗಾಲನ್ನು ಹೊಸಬನ ಕಾಲಿಗೆ ತಾಗಿಸಿ ನಿಲ್ಲಬೇಕು. ಇವನ ಪರಾಕ್ರಮಕ್ಕೆ ನಾವು ಸಾಕ್ಷಿ ಎಂದು ಅದರ ಅರ್ಥ. ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿರಲಿಲ್ಲ. ಒಲ್ಲೆನೆನ್ನುವ ವಿಧಿಯೊಂದನ್ನು ಹಿರಿಯರು ಇಟ್ಟಿರಲಿಲ್ಲ. ಯಾರಾದರೂ ಒಲ್ಲೆನೆಂದಾರು ಎಂದು ಅವರಿಗೆ ತೋಚಿರಲಿಕ್ಕಿಲ್ಲ.

ಆ ವರ್ಷ ದುರ್ಗದಲ್ಲಿ ಪೆಂಡೆಯದವರು ಬದುಕಿದ್ದುದೇ ಮೂವರು: ಬಡಗಣ ಬಾಗಿಲ ಕಾವಲಿನ ಬೈಚಣ, ಹಳೆಯ ಬಿಲ್ಲಾಳು ಹಂಪಯ್ಯ, ಲಾಯದ ಕಾಳೆನಾಯಕ. ಮೂವರಿಗೂ ಅರವತ್ತು ದಾಟಿತ್ತು. ಪೆಂಡೆಯವಿಲ್ಲದವನು ದಳವಾಯಿಯಾಗುವಂತಿರಲಿಲ್ಲ. ಇದೇ ನಿಯಮವನ್ನು ಮುಂದೊಡ್ಡಿ ಪ್ರಧಾನ ಲಿಂಗರಸರು ಹಿಂದಿನ ವರ್ಷ ಅರಸನ ಚಿಕ್ಕಪ್ಪನನ್ನು ಆ ಪದವಿಯಿಂದ ದೂರವಿಟ್ಟಿದ್ದರು. ಈಗ ಆ ಪದವಿ ಅವರ ಸೋದರಳಿಯ ಚೆನ್ನರಸನಿಗೆ ಬೇಕಾಗಿತ್ತು. ಆದ್ದರಿಂದ ಚೆನ್ನರಸನಿಗೆ ಪರಾಕ್ರಮವೂ ಬೇಕಾಯಿತು.

ಪರಾಕ್ರಮ ಕೊರಟಿ ಕಣಿವೆಯಲ್ಲಿ ಸಿಕ್ಕಿತು. ಫಾಲ್ಗುಣದಲ್ಲಿ ಬಡಗಣ ಸೀಮೆಯ ದಂಡು ಆ ದಾರಿಯಲ್ಲಿ ಏರಿ ಬಂದಿತ್ತು. ಕಣಿವೆಯ ಕಾವಲಿಗೆ ಚೆನ್ನರಸನ ಕೈಕೆಳಗೆ ನೂರಿಪ್ಪತ್ತು ರಾವುತರು ಮತ್ತು ಹುಲಿಯಣ್ಣನೆಂಬ ಬೇಡರ ಗುರಿಕಾರನ ನಲವತ್ತು ಕಾಲಾಳುಗಳು. ದಂಡು ಎರಡು ದಿನ ಕಣಿವೆಯಲ್ಲೇ ತಡೆದು ನಿಂತು, ನೀರು ಸಾಲದೆ ಹಿಂದಿರುಗಿತು. ದುರ್ಗದಿಂದ ನೆರವು ಹೋಗುವ ಹೊತ್ತಿಗೆ ಹುಲಿಯಣ್ಣನೂ ಅವನ ನಲವತ್ತು ಮಂದಿಯೂ ಸತ್ತುಬಿದ್ದಿದ್ದರು. ತನ್ನ ರಾವುತರೊಡನೆ ಬದುಕಿ ಬಂದವನು ಚೆನ್ನರಸ. ಹಾಗಾಗಿ ಕತೆಯನ್ನು ಹೇಳಿದವನೂ ಅವನೇ. ಕಣಿವೆಯನ್ನು ತಡೆದವನು ತಾನು. ಹುಲಿಯಣ್ಣ ಮೊದಲ ದಿನವೇ ಓಡಿದ, ಓಡುವಾಗ ಸತ್ತ.

ಬಡಗಣ ಬಾಗಿಲನ್ನು ಚೆನ್ನರಸನಿಗೆ ತೆರೆದವನು ಬೈಚಣ. ತೆರೆದದ್ದು ಮೊದಲ ದಿನದ ಮಧ್ಯಾಹ್ನ. ಮರುದಿನವಲ್ಲ, ಮೂರನೆಯ ದಿನವಂತೂ ಅಲ್ಲ. ಆ ವಾರವೇ ಹೋಗಿ ಪ್ರಧಾನರಿಗೆ ಹಾಗೆಂದು ಅರಿಕೆ ಮಾಡಿಕೊಂಡನು.

"ಚೆನ್ನರಸರು ನೆರವು ಕೇಳಲು ಬಂದಿದ್ದರು," ಎಂದರು ಪ್ರಧಾನರು.

"ನೆರವು ಕೇಳಲು ನೂರಿಪ್ಪತ್ತು ಜನ ಬೇಕೆ, ಸ್ವಾಮಿ?"

ಪ್ರಧಾನರು ನಕ್ಕರು. ಅರಮನೆಯ ಮಟ್ಟಿಗೆ ವಿಚಾರಣೆ ಅಲ್ಲಿಗೆ ಮುಗಿಯಿತು.

ವಿಜಯದಶಮಿಯಂದು ಚೆನ್ನರಸನಿಗೆ ಪೆಂಡೆಯವೆಂದು ಡಂಗುರ ಸಾರಿದ ಮೇಲೆ, ಹುಲಿಯಣ್ಣನ ಹೆಂಡತಿ ಚೌಡವ್ವ ಬಡಗಣ ಬಾಗಿಲಿಗೆ ಬಂದಳು. ಮೂವರು ಮುದುಕರೂ ಜಗಲಿಯ ಮೇಲೆ ಕುಳಿತು ಎಲೆಯಡಿಕೆ ಮೆಲ್ಲುತ್ತಿದ್ದರು.

"ಬೈಚಣ್ಣ, ನಿನ್ನ ಕಾಲು ನೋಡಿಹೋಗೋಣ ಅಂತ ಬಂದೆ," ಎಂದಳು. "ನನ್ನ ಗಂಡ ಓಡಿಹೋದ ಅಂತ ಸಾಕ್ಷಿ ಹೇಳೋ ಕಾಲು ಹೇಗಿರುತ್ತೆ ಅಂತ."

ಬೈಚಣ ಎಡಗಾಲನ್ನು ಪಂಚೆಯೊಳಕ್ಕೆ ಎಳೆದುಕೊಂಡನು.

"ಅವನು ಸತ್ತಾಗ ನೆತ್ತರುಗೊಡಗೆ ಅಂತ ಎರಡು ತುಂಡು ಹೊಲ ಕೊಟ್ಟರು. ದಶಮಿಯ ದಿನ ಅದನ್ನು ಕಿತ್ತುಕೊಳ್ಳುತ್ತಾರಂತೆ. ಓಡಿಹೋದವನ ನೆತ್ತರಿಗೆ ಹೊಲ ಇಲ್ಲವಂತೆ. ಹೊಲ ಹೋಗಲಿ, ಕೂಲಿ ಮಾಡುತ್ತೇನೆ. ಹೊಂಡಕ್ಕೆ ನೀರಿಗೆ ಹೋದರೆ ಹೆಂಗಸರು ಕೊಡ ಪಕ್ಕಕ್ಕಿಡುತ್ತಾರಲ್ಲ, ಅದಕ್ಕೇನು ಮಾಡಲಿ? ನೆರವಿನವರ ಜೊತೆ ಹೋಗಿ ಹೆಣ ನೋಡಿದವನು ನೀನು. ಗಾಯ ಎಲ್ಲಿತ್ತು ಹೇಳು."

"ಎದೆಯಲ್ಲಿ," ಎಂದ ಬೈಚಣ. "ಎಲ್ಲರಿಗೂ ಮುಂದುಗಡೆಯೇ."

"ಹಾಗಾದರೆ ನನಗೆ ಹೇಳಬೇಡ. ಗೊತ್ತಿಲ್ಲದವರಿಗೆ ಹೇಳು." ಅವಳು ಹೊರಟುಹೋದಳು.

ಹಂಪಯ್ಯ ಎಲೆ ಉಗುಳಿದ. "ಈ ಪೆಂಡೆಯ ಏನೋ ಮಹಾ ಅಂತ ಅವಳು ತಿಳಿದಿದ್ದಾಳೆ. ನನಗೆ ಇದನ್ನು ಕೊಟ್ಟದ್ದು ಆನೆಯ ಸೊಂಡಿಲು ಕಡಿದೆ ಅಂತ. ಕಡಿದವನು ನನ್ನ ಭಾವಮೈದುನ. ಅವನು ಅದೇ ಆನೆಯ ಕೆಳಗೆ ಹೋದ. ತೊಡಿಸೋಕೆ ಒಂದು ಕಾಲು ಬೇಕಲ್ಲಪ್ಪ, ಪಕ್ಕದಲ್ಲಿ ನಾನಿದ್ದೆ."

"ನಲವತ್ತು ವರ್ಷ ಹೇಳಲಿಲ್ಲವಲ್ಲೋ!" ಎಂದ ಕಾಳೆನಾಯಕ.

"ನೀನು ಕೇಳಲಿಲ್ಲ. ನಿನ್ನದನ್ನು ಹೇಳು."

"ನನ್ನದು ನಿಜವಾದದ್ದೇ. ಕೋಟೆ ಹತ್ತಿದ್ದೆ," ಎಂದ ಕಾಳೆನಾಯಕ ಸಿಟ್ಟಿನಿಂದ. ಆಮೇಲೆ ದನಿ ತಗ್ಗಿತು. "ಮೊದಲು ಹತ್ತಿದ ಆರು ಜನ ಬಿದ್ದರು. ಏಣಿ ಖಾಲಿಯಾಯಿತು, ನಾನು ಹತ್ತಿದೆ. ಆದರೂ ಇದನ್ನು ಬಿಡೆನಪ್ಪ. ಪೇಟೆಯಲ್ಲಿ ನಡೆದರೆ ಎತ್ತಿನ ಗಾಡಿಯೂ ನಿಲ್ಲುತ್ತದೆ. ಇದಿಲ್ಲದಿದ್ದರೆ ನಾನು ಸಗಣಿ ಬಾಚೋ ಮುದುಕ. ದಶಮಿಗೆ ನಾನು ಕಾಲು ಕೊಡುತ್ತೇನೆ. ನೀವು ಏನಾದರೂ ಅಂದುಕೊಳ್ಳಿ."

"ನಾನೂ ಕೊಡುತ್ತೇನೆ," ಎಂದ ಹಂಪಯ್ಯ. "ಸುಳ್ಳು ಪೆಂಡೆಯಕ್ಕೆ ಸುಳ್ಳು ಪೆಂಡೆಯ ಸಾಕ್ಷಿ. ಅದರಲ್ಲೇನು ತಪ್ಪು?"

ಬೈಚಣ ತನ್ನ ಕಾಲನ್ನು ನೋಡಿಕೊಂಡನು. ವಯಸ್ಸಿಗೆ ಕಾಲು ಊದಿ ಪೆಂಡೆಯ ಮಾಂಸದಲ್ಲಿ ಹೂತಿತ್ತು. ಅವನು ಅದನ್ನು ಪಡೆದದ್ದು ಹಳ್ಳವೊಂದರ ಕಾಳಗದಲ್ಲಿ. ಕೈಗೆ ಸಿಕ್ಕವರನ್ನು ಇರಿದದ್ದು ನೆನಪಿತ್ತು, ಏಕೆ ತನ್ನನ್ನೇ ಆರಿಸಿದರೆಂಬುದು ಈಗಲೂ ತಿಳಿದಿರಲಿಲ್ಲ. ಒಂದು ಮಾತ್ರ ತಿಳಿದಿತ್ತು: ಅಂದು ತನ್ನ ಪಕ್ಕದಲ್ಲಿ ನಿಂತ ಮೂವರು ಆ ಹಳ್ಳದ ಹತ್ತಿರಕ್ಕೂ ಬಂದವರಲ್ಲ.

ನವಮಿಯ ಬೆಳಿಗ್ಗೆ ಪ್ರಧಾನರು ಅವನನ್ನು ಕರೆಸಿದರು.

"ಬೈಚಣ, ನಾಳೆ ನಿನ್ನಿಂದ ತಕರಾರಿಲ್ಲ ತಾನೆ?"

"ನನಗೆ ಮನಸ್ಸಿಲ್ಲ, ಸ್ವಾಮಿ."

"ಮನಸ್ಸು ಯಾರು ಕೇಳಿದರು? ಕಾಲು ಇದ್ದರೆ ಸಾಕು. ಸುಮ್ಮನಿದ್ದರೆ ಒಪ್ಪಿದಂತೆ ಎಂಬುದು ಸಂಪ್ರದಾಯ. ಕೂಗಾಡಿದೆಯೋ, ಮುದುಕನಿಗೆ ಸನ್ನಿಯೆಂದು ಬಾಯಿ ಕಟ್ಟಿಸುತ್ತೇನೆ. ಬಾರದಿದ್ದೆಯೋ, ಪಲ್ಲಕ್ಕಿಯಲ್ಲಿ ಹೊರಿಸುತ್ತೇನೆ. ಮರ್ಯಾದೆಯಿಂದಲೇ ಹೊರಿಸುತ್ತೇನೆ, ಪೆಂಡೆಯದ ಕಾಲಲ್ಲವೆ?"

"ಅಪ್ಪಣೆ," ಎಂದು ಬೈಚಣ ಅಡ್ಡಬಿದ್ದು ಹೊರಟನು. ಪ್ರಧಾನರಿಗೆ ತೃಪ್ತಿಯಾಯಿತು. ಅವರು ಎಲ್ಲ ಬಾಗಿಲುಗಳನ್ನೂ ಮುಚ್ಚಿದ್ದರು. ಯಾವುದು ಉಳಿದಿದೆಯೆಂದು ಅವನಿಗೆ ತೋರಿಸಿಕೊಟ್ಟವರೂ ಅವರೇ.

ದಶಮಿಯ ದಿನ ಹೊತ್ತು ಮೂಡಿದ ಕೂಡಲೇ ಬೈಚಣ ಅಕ್ಕಸಾಲೆ ಬಮ್ಮೋಜನ ಅಂಗಡಿಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತನು.

"ಕತ್ತರಿಸು."

ಬಮ್ಮೋಜ ಚಿಮಟವನ್ನು ಕೆಳಗಿಟ್ಟನು. "ಬದುಕಿರುವಾಗ ತೆಗೆಸಿದರೆ ಏನಾಗುತ್ತದೆಂದು ಗೊತ್ತಿದೆಯೇ, ಅಣ್ಣಾ? ಉಂಬಳಿ ಹೋಗುತ್ತದೆ. ಸಂಜೆಯೊಳಗೆ ದುರ್ಗ ಬಿಡಬೇಕು. ಸತ್ತರೆ ವೀರಗಲ್ಲಿಲ್ಲ."

"ಕತ್ತರಿಸಿದವನಿಗೆ ಶಿಕ್ಷೆ ಉಂಟೆ?"

ಬಮ್ಮೋಜ ಯೋಚಿಸಿದ. "ನನ್ನ ವಿಷಯ ಶಾಸನದಲ್ಲಿ ಬರೆದಿಲ್ಲ."

"ಹಾಗಾದರೆ ಕತ್ತರಿಸು."

ಹೊನ್ನನ್ನು ಉಜ್ಜಿ ಕೊಯ್ಯುತ್ತಿದ್ದ ಅರ ಮಾಂಸಕ್ಕೆ ತಾಗಿ ರಕ್ತ ಬಂತು. ಬೈಚಣ ಬಮ್ಮೋಜನ ಮೂರು ತಲೆಮಾರನ್ನು ಬೈದನು. ಬಮ್ಮೋಜ ಅವನ ಕಾಲಿನ ಕೊಬ್ಬನ್ನು ಬೈದನು. ಪೆಂಡೆಯ ಬಿಚ್ಚಿಕೊಂಡಾಗ ಅದರಡಿಯ ಚರ್ಮ ಹಸುಗೂಸಿನದರಂತೆ ಬೆಳ್ಳಗಿತ್ತು.

ಓಲಗಶಾಲೆಯಲ್ಲಿ ಅಂದು ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಹತ್ತೊಂಬತ್ತು ವರ್ಷದ ಅರಸ ಮುದ್ದನಾಯಕ ಗದ್ದುಗೆಯ ಮೇಲೆ, ಪಕ್ಕದಲ್ಲಿ ಪ್ರಧಾನರು, ಎದುರಿಗೆ ಹೊಂಬಣ್ಣದ ಪಟ್ಟೆಯುಟ್ಟು ಎಡಗಾಲು ಮುಂದಿಟ್ಟ ಚೆನ್ನರಸ. ಹಂಪಯ್ಯನೂ ಕಾಳೆನಾಯಕನೂ ತಮ್ಮ ಕಾಲುಗಳನ್ನು ತಂದು ತಾಗಿಸಿದರು. ಬೈಚಣ ಕುಂಟುತ್ತ ಬಂದು ತನ್ನ ಕಾಲನ್ನೂ ಇಟ್ಟನು. ಹೊನ್ನಿದ್ದ ಕಡೆ ರಕ್ತದ ಬಟ್ಟೆಯ ಪಟ್ಟಿ ಇತ್ತು. ಬಿಚ್ಚಿದ ಪೆಂಡೆಯವನ್ನು ಅರಸನ ಮುಂದಿನ ಹರಿವಾಣದಲ್ಲಿ ಇಟ್ಟನು.

"ಕಾಲು ತಂದಿದ್ದೇನೆ, ಸ್ವಾಮಿ," ಎಂದನು ಪ್ರಧಾನರಿಗೆ. "ತಾವು ಕೇಳಿದ್ದು ಅಷ್ಟೇ."

ಗದ್ದಲವೆದ್ದಿತು. "ಈ ಮುದುಕನಿಗೆ ತಲೆ ತಿರುಗಿದೆ!" ಎಂದು ಚೆನ್ನರಸ ಕೂಗಿದ.

"ಇರಬಹುದು, ಚೆನ್ನರಸರೇ. ತಮ್ಮ ಕುದುರೆ ತಿರುಗಿದ್ದು ಅದಕ್ಕಿಂತ ಮೊದಲು."

ಯಾರೋ ನಕ್ಕು, ಕೆಮ್ಮಿನಂತೆ ಮಾಡಿದರು.

"ಬಮ್ಮೋಜ!" ಎಂದರು ಪ್ರಧಾನರು. "ಅದನ್ನು ಈ ಕ್ಷಣ ಅವನ ಕಾಲಿಗೆ ಮತ್ತೆ ಬೆಸೆ."

ಬಮ್ಮೋಜ ಸುತ್ತಿಗೆ ಹಿಡಿದೇ ಕೈಮುಗಿದನು. "ಬೆಸೆಯಬಹುದು, ಸ್ವಾಮಿ. ಬೆಸೆಯುವಾಗ ಪೆಂಡೆಯದ ಮೂವರು ನಿಲ್ಲಬೇಕು. ಇರುವವರು ಇಬ್ಬರು."

ಅರಸ ಮೊದಲ ಬಾರಿಗೆ ಆಸಕ್ತಿಯಿಂದ ಮುಂದಕ್ಕೆ ಬಾಗಿದನು.

"ಇಬ್ಬರೇ ಸಾಕೆಂದು ಪ್ರಭುಗಳು ಅಪ್ಪಣೆ ಕೊಡಿಸಬಹುದು," ಎಂದರು ಪ್ರಧಾನರು ಮೆಲ್ಲಗೆ. "ಸಂಪ್ರದಾಯ ಪ್ರಭುಗಳ ಕೈಯಲ್ಲಿದೆ."

"ಹೋದ ವರ್ಷ ನಮ್ಮ ಚಿಕ್ಕಪ್ಪನವರ ವಿಷಯ ಬಂದಾಗ, ಸಂಪ್ರದಾಯ ಅರಸನ ಕೈಯನ್ನೂ ಮೀರಿದ್ದು ಎಂದು ತಾವೇ ಅಪ್ಪಣೆ ಕೊಡಿಸಿದ್ದಿರಿ, ಪ್ರಧಾನರೇ. ಇಂದು ಅದನ್ನು ಸಡಿಲಿಸಿದರೆ ನಾಳೆ ಅವರೂ ಬಂದು ಕಾಲು ಚಾಚುತ್ತಾರೆ." ಅರಸ ಬೈಚಣನತ್ತ ತಿರುಗಿದನು. "ನಿನಗೆ ಇದು ಭಾರವಾಯಿತೇ?"

"ಇಲ್ಲ, ಮಹಾಪ್ರಭು. ಮೂವತ್ತೆರಡು ವರ್ಷ ಹಗುರವಾಗಿಯೇ ಇತ್ತು. ನೋಡಿದವರು ಕೈಮುಗಿದರು, ನಾನೂ ಹೌದೆಂದುಕೊಂಡೆ. ಪೆಂಡೆಯ ಹೇಳುವುದು ಎರಡೇ ಸಂಗತಿ: ಇವನು ಬದುಕಿ ಬಂದ, ಇವನ ಹೆಸರು ಯಾರಿಗೋ ನೆನಪಿತ್ತು. ಮೂರನೆಯದಾದ ಪರಾಕ್ರಮ ಇದರಲ್ಲಿಲ್ಲ. ಅದಿದೆಯೆಂದು ಸುಳ್ಳಾಡಿ ಸತ್ತವನನ್ನು ಹೇಡಿ ಮಾಡಲು ನನ್ನ ಕಾಲು ಬೇಕಾದರೆ, ಕಾಲನ್ನೇ ಕಡಿಸಬಹುದು. ಚೆನ್ನರಸರು ಮೊದಲ ದಿನ ಮಧ್ಯಾಹ್ನ ನೂರಿಪ್ಪತ್ತು ಕುದುರೆಯೊಡನೆ ಬಡಗಣ ಬಾಗಿಲಿಗೆ ಬಂದರು. ತೆರೆದವನು ನಾನು. ಆಮೇಲೆ ಎರಡು ದಿನ ದಂಡನ್ನು ಯಾರು ತಡೆದರೆಂದು ಅವರನ್ನೇ ಕೇಳಬೇಕು."

"ಇದು ಒಬ್ಬನ ಮಾತು," ಎಂದರು ಪ್ರಧಾನರು.

"ಒಬ್ಬನದಲ್ಲ," ಎಂದ ಹಂಪಯ್ಯ. ಅವನ ಕಾಲು ಚೆನ್ನರಸನ ಕಾಲಿನಿಂದ ಒಂದು ಗೇಣು ಹಿಂದೆ ಸರಿದಿತ್ತು. "ಬಾಗಿಲ ಜಗಲಿಯ ಮೇಲೆ ನಾನೂ ಇದ್ದೆ. ಕುದುರೆಗಳು ಬೆವರಿದ್ದವು, ಕತ್ತಿಗಳು ಒಣಗಿದ್ದವು."

ಕಾಳೆನಾಯಕ ಎರಡೂ ಕಡೆ ನೋಡಿ, ತನ್ನ ಹೊನ್ನನ್ನು ನೋಡಿ, ನಿಂತಲ್ಲೇ ನಿಂತನು. ಅವನ ಕಾಲೊಂದೇ ಚೆನ್ನರಸನ ಕಾಲಿಗೆ ತಾಗಿಕೊಂಡಿತ್ತು. ಅದನ್ನು ನೋಡಿ ಚೆನ್ನರಸನೇ ತನ್ನ ಕಾಲನ್ನು ಹಿಂದಕ್ಕೆಳೆದುಕೊಂಡನು.

ಅರಸ ಎಳೆಯನಾದರೂ ದಡ್ಡನಾಗಿರಲಿಲ್ಲ. ಪ್ರಧಾನರನ್ನು ಮುರಿಯುವ ಬಲ ಅವನಿಗಿನ್ನೂ ಇರಲಿಲ್ಲ. ಅವರು ಮತ್ತೆ ಆರು ವರ್ಷ ಪ್ರಧಾನರಾಗಿಯೇ ಇದ್ದರು. ಚೆನ್ನರಸನಿಗೆ ಪೆಂಡೆಯ ಸಿಗಲಿಲ್ಲ, ದಳವಾಯಿ ಪದವಿ ಖಾಲಿ ಉಳಿಯಿತು. ಚೌಡವ್ವನ ಹೊಲ ಅವಳಿಗೇ ಎಂದೂ, ಕಣಿವೆಯ ಬಾಯಿಯಲ್ಲಿ ಹುಲಿಯಣ್ಣನಿಗೂ ಅವನ ನಲವತ್ತು ಮಂದಿಗೂ ಕಲ್ಲು ನಿಲ್ಲಬೇಕೆಂದೂ ಅಪ್ಪಣೆಯಾಯಿತು. ಬೈಚಣನ ಉಂಬಳಿ ನಿಯಮದಂತೆ ಹೋಯಿತು.

"ಈ ನಿಯಮವನ್ನು ನಿನ್ನ ಮಟ್ಟಿಗೆ ಸಡಿಲಿಸಲೇ?" ಎಂದು ಅರಸ ಕೇಳಿದನು.

"ಬೇಡ, ಮಹಾಪ್ರಭು. ಒಮ್ಮೆ ಸಡಿಲಿಸಿದರೆ ಸಾಕೆಂದು ಪ್ರಧಾನರು ಕಾಯುತ್ತಿದ್ದಾರೆ."

ಅವನು ಹೊತ್ತು ಇಳಿಯುವ ಮೊದಲೇ ಹೊರಟನು. ಬಾಗಿಲಲ್ಲಿ ಚೌಡವ್ವ ರಾಗಿರೊಟ್ಟಿಯ ಗಂಟನ್ನು ಕೈಗಿಟ್ಟಳು.

"ಎಲ್ಲಿಗಣ್ಣ?"

"ಗೊತ್ತಿಲ್ಲವ್ವ. ಕಾಲು ಹಗುರವಾಗಿದೆ, ದೂರ ಹೋಗಬಹುದು."

"ಗಾಯ ಹಸಿ ಇದೆ. ಕೆಸರು ತುಳಿಯಬೇಡ."

ಪುಷ್ಯಮಾಸದಲ್ಲಿ ಕಲ್ಲುಕುಟಿಗ ಕಣಿವೆಗೆ ಬಂದನು. ವೀರಗಲ್ಲಿನ ಆಳುಗಳ ಎಡಗಾಲಿಗೆ ಪೆಂಡೆಯ ಕೆತ್ತುವುದು ಅವನ ಮನೆತನದ ಅಭ್ಯಾಸ. ಕೆತ್ತದಿದ್ದರೆ ಇವರು ವೀರರೆಂದು ಜನಕ್ಕೆ ತಿಳಿಯುವುದು ಹೇಗೆ ಎಂದು ಅವನಿಗೆ ನಿಜವಾಗಿಯೂ ಚಿಂತೆಯಾಯಿತು. ಊಳಿಗದವರ ಪಟ್ಟಿ ತರಿಸಿ, ಯಾರ್ಯಾರಿಗೆ ಕೆತ್ತಬೇಕೆಂದು ವಿಚಾರಿಸಿದನು.

ಕೊರಟಿ ಕಣಿವೆಯನ್ನು ಎರಡು ದಿನ ತಡೆದ ನಲವತ್ತೊಂದು ಜನರಲ್ಲಿ ಒಬ್ಬನ ಕಾಲಿಗೂ ಪೆಂಡೆಯವಿರಲಿಲ್ಲ.