ಐದನೆಯ ಹೆಲ್ಮೆಟ್

ಎಂಟನೆಯ ದಿನ ಬೈಕುಗಳಿಗೆ ರಜೆ ಎಂದು ಟೈಲರಮ್ಮ ಸಾರಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಷ್ಟು ಕಸುವು ಯಾರ ಕೈಯಲ್ಲೂ ಉಳಿದಿರಲಿಲ್ಲ. ಐದು ಬೈಕು ಏಳು ದಿನಗಳಲ್ಲಿ ಎರಡು ಘಟ್ಟ ಹತ್ತಿ ಇಳಿದಿದ್ದವು. ಇವತ್ತಿನ ಗುರಿ ಸುಲಭದ್ದು: ಬೆಟ್ಟದ ಪುಟ್ಟ ರೈಲಿನಲ್ಲಿ ಕಮರಿಯ ಅಂಚಿನಗುಂಟ ಹತ್ತಿ, ತುದಿಯ ಸರೋವರ ನೋಡಿ, ಸಂಜೆಯೊಳಗೆ ಕೆಳಗಿನ ನಿಲ್ದಾಣಕ್ಕೆ ಮರಳುವುದು. ಕೂತಲ್ಲೇ ಸಾಹಸ.

ತಂಡದ ಮುಂದೆ ಯಾವಾಗಲೂ ಟೈಲರಮ್ಮನ ಬೈಕು. ನಡುವೆ ವೆಲ್ಡರ್, ಮತ್ತು ಬೇಕರಿ ನಡೆಸುವ ಗಂಡ ಹೆಂಡತಿ. ಎಲ್ಲರಿಗಿಂತ ಹಿಂದೆ ಟೈಲರಮ್ಮನ ಭಾವ, ಅಂದರೆ ಅವಳ ಅಕ್ಕನ ಗಂಡ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಮುಂದಿನವರೆಲ್ಲ ದಾಟಿದ್ದನ್ನು ಕಣ್ಣಾರೆ ಕಾಣದೆ ಒಂದು ತಿರುವನ್ನೂ ಅವರು ದಾಟಿದವರಲ್ಲ.

ಭಾವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ಸಕ್ಕರೆ ಇಳಿದು ಮೊದಲು ಕೈ ನಡುಗುತ್ತದೆ, ಆಮೇಲೆ ಮಾತು ತಪ್ಪುತ್ತದೆ, ಆಮೇಲೆ ಪ್ರಜ್ಞೆಯೇ ತಪ್ಪುತ್ತದೆ. ಹೊರಡುವ ದಿನ ಅಕ್ಕ ತಂಗಿಯ ಕೈ ಹಿಡಿದು, ಕರೆದುಕೊಂಡು ಹೋದ ಹಾಗೇ ವಾಪಸು ತಂದು ಒಪ್ಪಿಸಬೇಕು ಎಂದಿದ್ದಳು.

ರೈಲು ಹತ್ತಿದ ಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗಬೇಕು. ದೂರದೂರದಿಂದ ಜನ ಹಣ ಕೊಟ್ಟು ಬಂದು ಕಿಟಕಿಗೆ ಮೂಗು ಒತ್ತಿಕೊಂಡು ನೋಡುವ ಆ ಕಮರಿಯನ್ನು ನಮ್ಮ ಸಾಹಸಿಗಳು ಬಾಯಿ ತೆರೆದು ಗೊರಕೆ ಹೊಡೆಯುತ್ತ ದಾಟಿದರು. ಸರೋವರದ ದಡದಲ್ಲಿ ಹನ್ನೊಂದಕ್ಕೆ ಊಟ ಮುಗಿಸಿದರು. ಇಳಿಯುವ ಕೊನೆಯ ರೈಲಿನಲ್ಲಿ ಮತ್ತೆ ಒರಗಿದರು.

ಅರ್ಧ ದಾರಿಯಲ್ಲಿ ಜಲಪಾತದ ಹಾಲ್ಟ್. ಆಳಿಲ್ಲ, ಫೋನಿಲ್ಲ, ಒಂದು ಕಲ್ಲುಕಟ್ಟೆ ಮಾತ್ರ. ಹತ್ತು ನಿಮಿಷ ನಿಲ್ಲುತ್ತದೆ ಎಂದು ಗಾರ್ಡ್ ಹೇಳಿದ. ಬೈಕಿನ ಬಳಿ ಬಿಟ್ಟರೆ ಕಳುವಾದೀತೆಂದು ಹೊತ್ತು ತಂದಿದ್ದ ಹೆಲ್ಮೆಟ್‌ಗಳನ್ನು ಐವರೂ ಸೀಟಿನ ಮೇಲಿಟ್ಟು ಇಳಿದರು. ಸೀಟು ಹಿಡಿಯಲು ಟವೆಲ್ ಹಾಕುವವರು ಇದ್ದಾರಲ್ಲ, ಹಾಗೆ.

ರೈಲಿನ ಸೀಟಿ ಕೂಗಿತು. ನಿಮ್ಮ ಕಡೆಯವರೆಲ್ಲ ಹತ್ತಿದರೇ ಎಂದು ಗಾರ್ಡ್ ಕೇಳಿದ. ಟೈಲರಮ್ಮನದು ಗುಂಡಿ ಎಣಿಸಿ ಪಳಗಿದ ಕಣ್ಣು. ದಾರಿಯುದ್ದಕ್ಕೂ ಪ್ರತಿ ನಿಲುಗಡೆಯಲ್ಲಿ ಅವಳು ಎಣಿಸುತ್ತಿದ್ದದ್ದು ಹೆಲ್ಮೆಟ್‌ಗಳನ್ನು. ಧೂಳಿನಲ್ಲಿ ಮುಖ ಕಾಣದಿದ್ದರೂ ಬಣ್ಣ ಕಾಣುತ್ತದೆ ಎಂದು. ಈಗಲೂ ಅರೆನಿದ್ದೆಯಲ್ಲಿ ಸೀಟುಗಳ ಕಡೆ ಕಣ್ಣಾಡಿಸಿದಳು. ಕೆಂಪು, ನೀಲಿ, ಕಪ್ಪು, ಕಪ್ಪು, ಹಳದಿ. ಐದು. ಗಾರ್ಡ್‌ಗೆ ತಲೆಯಾಡಿಸಿ ಕಣ್ಣು ಮುಚ್ಚಿದಳು.

ಅರ್ಧ ಗಂಟೆಯ ಆಮೆನಡಿಗೆಯ ನಂತರ ರೈಲು ಕಣಿವೆಯ ನಡುವಿನ ಸಣ್ಣ ನಿಲ್ದಾಣದಲ್ಲಿ ನಿಂತಾಗ ಅವಳಿಗೆ ಎಚ್ಚರವಾಯಿತು. ಎದುರು ಸೀಟಿನಲ್ಲಿ ಹಳದಿ ಹೆಲ್ಮೆಟ್ ಇತ್ತು. ಅದರ ಹಿಂದೆ ಮುಂದೆ ಭಾವ ಇರಲಿಲ್ಲ. ಶೌಚಕ್ಕೆ ಹೋಗಿರಬೇಕು ಎಂದ ವೆಲ್ಡರ್. ಈ ರೈಲಿನಲ್ಲಿ ಶೌಚಾಲಯವೇ ಇಲ್ಲ ಎಂದಳು ಬೇಕರಿಯವಳು.

ಟೈಲರಮ್ಮ ಹೆಲ್ಮೆಟ್ ಎತ್ತಿದಳು. ಒಳಗೆ ಭಾವನ ಚೀಲ, ಚೀಲದೊಳಗೆ ಗ್ಲೂಕೋಸ್ ಪುಡಿ, ಬಿಸ್ಕತ್ತು, ಫೋನು. ಊಟವಾಗಿ ನಾಲ್ಕು ಗಂಟೆಗೂ ಮೇಲಾಗಿತ್ತು.

ಸ್ಟೇಷನ್ ಮಾಸ್ಟರ್ ಗಡಿಬಿಡಿಯ ಮನುಷ್ಯನಲ್ಲ. ರೈಲನ್ನು ಹಿಂದಕ್ಕೆ ಹತ್ತಿಸುವ ಹಾಗಿಲ್ಲ ಎಂದರು. ಹಾಲ್ಟ್‌ಗೆ ರಸ್ತೆಯಿಲ್ಲ, ಇರುವುದು ಹಳಿಯೊಂದೇ. ನಾಲ್ಕು ಕಿಲೋಮೀಟರ್ ಏರು, ಒಂದು ಸುರಂಗ, ಒಂದು ಸೇತುವೆ. ಬೆಳಿಗ್ಗೆಯವರೆಗೆ ಹಳಿಯ ಮೇಲೆ ಬೇರೆ ರೈಲಿಲ್ಲ, ಅದೊಂದು ಪುಣ್ಯ. ಹಳಿ ನೋಡಿಕೊಳ್ಳುವ ತಮ್ಮ ಗ್ಯಾಂಗ್‌ಮನ್‌ನನ್ನು ಲಾಟೀನು ಕೊಟ್ಟು ಜೊತೆಗೆ ಕಳಿಸಿದರು. ಬೇಕರಿಯ ದಂಪತಿ ಕೆಳಗೆ ಹೋಗಿ ಡಾಕ್ಟರನ್ನು ಗೊತ್ತು ಮಾಡುವುದೆಂದಾಯಿತು. ವೆಲ್ಡರ್ ಬೂಟಿನ ಪಟ್ಟಿ ಬಿಗಿದ.

ಬೈಕಿನ ಬೂಟು ನಡೆಯುವುದಕ್ಕೆ ಮಾಡಿದ್ದಲ್ಲ. ಜಲ್ಲಿಯ ಮೇಲೆ ಹೆಜ್ಜೆಗೊಮ್ಮೆ ಕಾಲು ಹೊರಳುತ್ತಿತ್ತು. ಎಂಟು ದಿನದ ಆಯಾಸ ಸೊಂಟದಿಂದ ಎದ್ದು ಬೆನ್ನಿಗೆ ಹತ್ತಿತು.

ಬೆಳಗಿನಿಂದ ನಿದ್ದೆಯಲ್ಲಿ ಕಳೆದುಕೊಂಡ ಕಮರಿ ಈಗ ಒಂದೊಂದೇ ಹೆಜ್ಜೆಯಾಗಿ ಎದುರಾಯಿತು. ಎಡಕ್ಕೆ ಕಪ್ಪು ಬಂಡೆಯ ಗೋಡೆ, ಅದರ ಸಂದುಸಂದಿನಲ್ಲಿ ಜರೀಗಿಡ. ಬಲಕ್ಕೆ ಏನೂ ಇಲ್ಲ; ಬಹಳ ಕೆಳಗೆ ಹೊಳೆ ಬಿಳಿ ದಾರದಂತೆ ಹೊರಳುತ್ತಿತ್ತು, ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ಕೊನೆಯದು ಆಕಾಶವೋ ಬೆಟ್ಟವೋ ತಿಳಿಯದಷ್ಟು ನೀಲಿ. ಇಷ್ಟು ಚೆಂದದ ಜಾಗವನ್ನು ಟೈಲರಮ್ಮ ಹುಟ್ಟಿದಾರಭ್ಯ ನೋಡಿರಲಿಲ್ಲ, ಇಷ್ಟು ದ್ವೇಷಿಸಿಯೂ ಇರಲಿಲ್ಲ.

ಸುರಂಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಲಾಟೀನಿನ ಬೆಳಕು ಮೂರು ಮಾರು ದಾಟುತ್ತಿರಲಿಲ್ಲ. ಗೋಡೆ ಸವರುತ್ತ ನಡೆದರು.

ಹೊರಬಂದರೆ ಮಂಜು. ಎದುರಿಗೇ ಸೇತುವೆ.

ಮರದ ಅಡ್ಡಪಟ್ಟಿಗಳ ನಡುವೆ ಒಂದೊಂದು ಮೊಳದ ಸಂದು. ಕೆಳಗಿನಿಂದ ನೀರಿನ ಸದ್ದು. ವೆಲ್ಡರ್ ನಿಂತುಬಿಟ್ಟ. ಮೂರಂತಸ್ತಿನ ಕಟ್ಟಡದ ಮೇಲೆ ಸಿಡಿಯುವ ಕಿಡಿಗೆ ಹೆದರದವನು ಬೆವರತೊಡಗಿದ.

“ನಡುವೆ ಕಾಲಿಡಬೇಡಿ, ಪಟ್ಟಿ ಹಳೇದು. ಕಂಬಿ ಪಕ್ಕದಲ್ಲೇ ಇಡಿ,” ಎಂದ ಗ್ಯಾಂಗ್‌ಮನ್.

ಟೈಲರಮ್ಮ ಮುಂದಾದಳು. ವೆಲ್ಡರ್ ಸೇತುವೆಯ ಕಬ್ಬಿಣವನ್ನೇ ನೋಡುತ್ತ, ಈ ಬೆಸುಗೆ ಗಟ್ಟಿ, ಇದು ನಿನ್ನೆ ಮೊನ್ನೆಯದು, ಇದನ್ನು ಮಾಡಿದವನು ಸೋಮಾರಿ ಎಂದು ಗೊಣಗುತ್ತ, ತನ್ನ ಕಸುಬಿನ ಬಲದ ಮೇಲೆ ದಾಟಿದ. ಆಚೆ ದಡದಲ್ಲಿ ಕೂತವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಹಾಲ್ಟ್ ತಲುಪಿದಾಗ ಐದು ಗಂಟೆ ದಾಟಿತ್ತು. ಕಲ್ಲುಕಟ್ಟೆ ಖಾಲಿ.

ಕೂಗಿದರು. ಜಲಪಾತದ ಮೊರೆತದಲ್ಲಿ ಕೂಗು ಮುಳುಗಿತು.

ಗ್ಯಾಂಗ್‌ಮನ್ ನೀರಿನತ್ತ ಇಳಿಯುವ ಮೆಟ್ಟಿಲಿಗೆ ಲಾಟೀನು ಹಿಡಿದ. ಒದ್ದೆ ಕಲ್ಲಿನ ಮೇಲೆ ಬೂಟಿನ ಕೆಸರು, ಇಳಿದ ಗುರುತು ಮಾತ್ರ. ಟೈಲರಮ್ಮ ಎರಡೆರಡು ಮೆಟ್ಟಿಲು ಹಾರಿದಳು, ಜಾರಿದಳು, ಮೊಣಕೈ ತರಚಿತು, ಎದ್ದಳು.

ಕೆಳಗಿನ ತಿರುವಿನಲ್ಲಿ ಬಂಡೆಗೆ ಒರಗಿ ಭಾವ ಕೂತಿದ್ದರು. ಅಂಗಿ ಬೆವರಿನಿಂದ ತೊಯ್ದಿತ್ತು. ಕೈ ನಡುಗುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಗುರುತು ಹಿಡಿಯಲಿಲ್ಲ. ಟಿಕೆಟ್ ತಗೊಂಡು ಹತ್ತಿ ಎಂದರು. ಗ್ಲೂಕೋಸ್ ತುಂಬಿದ ಅವಳ ಅಂಗೈಯನ್ನು ಸಿಟ್ಟಿನಿಂದ ತಳ್ಳಿದರು.

ವೆಲ್ಡರ್ ಅವರ ಎರಡೂ ಕೈ ಹಿಡಿದುಕೊಂಡ. ಅವಳು ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ತುಟಿಯೊಳಗೆ ಸವರಿದಳು. ಒಂದು ಚಿಟಿಕೆ. ಇನ್ನೊಂದು. ನುಂಗಿದರು. ಮತ್ತೊಂದು.

ಕಾಲು ಗಂಟೆಯಲ್ಲಿ ನಡುಕ ನಿಂತಿತು. ಆಮೇಲೆ ಭಾವ ಅವಳ ಮುಖವನ್ನು ಬಹಳ ಹೊತ್ತು ನೋಡಿದರು.

“ಎಲ್ಲಿಗೆ ಹೋಗಿದ್ದೆ ನೀನು? ಮೂರು ಜನ ಮೇಲೆ ಹತ್ತಿದ್ದು ನೋಡ್ದೆ. ನೀನು ಹತ್ತಿದ್ದು ನೋಡ್ಲಿಲ್ಲ.”

“ನಾನು ಆಚೆ ಕಡೆ ಬಾಗಿಲಿಂದ ಹತ್ತಿದ್ದೆ, ಭಾವ.”

“ನಂಗೇನು ಗೊತ್ತು? ರೈಲು ಹೊರಟ್ರೆ ಹೊರಡ್ಲಿ ಅಂತ ನೀರಿನ ತನಕ ಹೋಗಿ ಹುಡುಕ್ದೆ. ನಿನ್ನ ಬಿಟ್ಟು ನಾನು ಹೆಂಗೆ ಹತ್ತೋದು?”

ಟೈಲರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಎಣಿಸಿದ್ದು ಮನುಷ್ಯರನ್ನು. ಅವಳು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತು ಅತ್ತಳು. ವೆಲ್ಡರ್ ಬೇರೆ ಕಡೆ ನೋಡುತ್ತ ಉಳಿದ ಬಿಸ್ಕತ್ತುಗಳನ್ನು ಭಾವನಿಗೆ ಒಂದೊಂದಾಗಿ ತಿನ್ನಿಸಿದ.

ಮತ್ತೆ ಹಳಿಗುಂಟ ಇಳಿಯುವಾಗ ಭಾವನ ಒಂದು ತೋಳು ವೆಲ್ಡರ್ ಹೆಗಲ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ. ಸೇತುವೆಯ ಮೇಲೆ ಮಾತ್ರ ಒಬ್ಬರ ಹಿಂದೊಬ್ಬರು, ಒಬ್ಬರ ಸೊಂಟಪಟ್ಟಿ ಇನ್ನೊಬ್ಬರ ಕೈಯಲ್ಲಿ. ಹಿಂದಿರುವ ಭಾವನ ಭಾರಕ್ಕೆ ವೆಲ್ಡರ್‌ಗೆ ತನ್ನ ಭಯ ಮರೆತೇ ಹೋಗಿತ್ತು. ನೂರು ಹೆಜ್ಜೆಗೊಮ್ಮೆ ಕೂತರು. ಕತ್ತಲಾಗಿ ಬಹಳ ಹೊತ್ತಿನ ಮೇಲೆ ನಿಲ್ದಾಣದ ದೀಪ ಕಂಡಾಗ ಗೆದ್ದೆವೆಂದು ಯಾರಿಗೂ ಅನ್ನಿಸಲಿಲ್ಲ, ಬೂಟು ಬಿಚ್ಚಬಹುದು ಅನ್ನಿಸಿತು.

ಸ್ಟೇಷನ್ ಮಾಸ್ಟರ್ ಬಿಸಿ ಅನ್ನ ಹಾಕಿದರು. ಬೆಂಚಿನ ಮೇಲೆ ಕಂಬಳಿ ಹಾಸಿದರು. ಕೆಳಗೆ ಡಾಕ್ಟರ ಜೊತೆ ಕಾಯುತ್ತಿದ್ದ ಬೇಕರಿಯವರಿಗೆ ಸುದ್ದಿ ಮುಟ್ಟಿಸಿ, ಫೋನು ತೋರಿಸಿದರು. ಟೈಲರಮ್ಮ ಅಕ್ಕನ ನಂಬರು ಒತ್ತುವಷ್ಟರಲ್ಲಿ ಭಾವ ರಿಸೀವರ್ ಕಸಿದುಕೊಂಡರು.

“ಏನಿಲ್ಲ ಕಣೇ, ನಿನ್ನ ತಂಗಿ ಜಲಪಾತ ನೋಡ್ತಾ ದಾರಿ ತಪ್ಪಿದ್ಲು. ಹುಡುಕೋದ್ರಲ್ಲಿ ರೈಲು ಹೋಯ್ತು. ನಾಳೆ ಬೆಳಿಗ್ಗೆ ಇಳೀತೀವಿ.”

ಆ ಮಾತನ್ನು ಟೈಲರಮ್ಮ ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕೈ ಚಾಚಿ ರಿಸೀವರ್ ಇಸಿದುಕೊಂಡಳು.

“ಇಲ್ಲ ಅಕ್ಕ. ನಾನೇ ಅವ್ರನ್ನ ಬಿಟ್ಟು ಬಂದಿದ್ದೆ. ಸಕ್ಕರೆ ಇಳಿದಿತ್ತು. ವಾಪಸ್ ಹೋಗಿ ಕರ್ಕೊಂಡು ಬಂದ್ವಿ. ಈಗ ಊಟ ಮಾಡಿದ್ದಾರೆ.”

ಅಕ್ಕ ಒಂದೇ ಮಾತು ಹೇಳಿ ಫೋನು ಇಟ್ಟಳು.

“ಏನಂದ್ಲು?” ಎಂದು ಕೇಳಿದರು ಭಾವ.

“ನಾಳೆಯಿಂದ ಅವ್ರು ಮುಂದೆ ಹೋಗ್ಲಿ, ನೀನು ಕೊನೇಲಿ ಬಾ ಅಂದ್ಲು.”

ಭಾವ ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು.

“ಹಿಂದೆ ಧೂಳು ಜಾಸ್ತಿ. ಮೂಗಿಗೆ ಬಟ್ಟೆ ಕಟ್ಕೋ,” ಎಂದವರೇ ಗೋಡೆಯ ಕಡೆ ಹೊರಳಿ ನಿದ್ದೆಹೋದರು.