ಮುಂದಿನ ವರ್ಷದ ನೀರು

ಪಾಚಿ ನೋಡಿ ಕೆರೆ ನೀರು ಎಷ್ಟು ಕೆಟ್ಟಿದೆ ಅಂತ ಹೇಳೋದು ನನ್ನ ಕೆಲಸ. ಒಂಬತ್ತು ವರ್ಷದಿಂದ ನಮ್ಮೂರ ಕೆರೆಯಲ್ಲಿ ಸಿಕ್ಕಿದ್ದು ಕೊಳಚೆಯಲ್ಲಿ ಬೆಳೆಯೋ ಪಾಚಿ ಮಾತ್ರ. ಅವತ್ತು ಮಟಮಟ ಮಧ್ಯಾಹ್ನ ಕೆರೆಯಿಂದ ನಾನೇ ತುಂಬಿ ಲ್ಯಾಬಿಗೆ ತಂದ ಬಾಟಲಿ ಮಂಜಿನಷ್ಟು ತಣ್ಣಗಿತ್ತು. ಮುಚ್ಚಳ ತೆಗೆದರೆ ಮಕ್ಕಳು ಈಜುತ್ತಾ ಕೇಕೆ ಹಾಕೋ ಸದ್ದು. ಕಿಟಕಿಯಾಚೆ ಯಾರೂ ಇರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಿಳಿನೀರಲ್ಲಷ್ಟೇ ಬದುಕೋ ಹಸಿರು ಪಾಚಿ, ರಾಶಿ ರಾಶಿ!

“ಅಕ್ಕಾ, ಕೆರೆ ಬದುಕಿದೆ ಕಣೇ!” ಅಂದೆ. ಅದೇ ಲ್ಯಾಬಿನಲ್ಲಿರೋ ನನ್ನಕ್ಕ ಇಣುಕಿ ನೋಡಿ, ನನ್ನ ಕೈ ಹಿಡಿದು ಗಿರಗಿರ ತಿರುಗಿಸಿದಳು. ಇಬ್ಬರೂ ಕೆರೆಗೆ ಓಡಿದೆವು. ಅಲ್ಲಿ ಅದೇ ಕಪ್ಪು ನೀರು, ಅದೇ ನಾತ.

ವಾಪಸ್ ಬಂದಾಗ ಅಕ್ಕ ಬಾಟಲಿಯ ಚೀಟಿ ಓದಿದಳು. “ಇದೇನೇ, ಮುಂದಿನ ವರ್ಷದ ಇದೇ ತಾರೀಕು ಬರೆದಿದ್ದೀಯ?”

ಅಕ್ಷರ ನನ್ನದೇ. ನಾನು ಬರೆದಿದ್ದು ಅವತ್ತಿನ ತಾರೀಕು.

ಹೆದರೋ ಬದಲು ನಕ್ಕುಬಿಟ್ಟೆವು. ಇದಾಗಿ ಎಂಟು ತಿಂಗಳಾಯ್ತು. ಹೋದ ವಾರ ಕೆರೆಗೆ ಬೀಳೋ ಕೊಳಚೆ ಪೈಪು ಮುಚ್ಚಿದರು. ಆ ತಾರೀಕಿಗಿನ್ನೂ ನಾಲ್ಕು ತಿಂಗಳಿದೆ. ಅಕ್ಕ ಈಜು ಕಲೀತಿದ್ದಾಳೆ.