ಕಾಲುಸಂಕದ ನಡುವಿನ ಹಲಗೆ

"ಆ ಹಲಗೆಯನ್ನು ಗೆದ್ದಲು ತಿಂದಿದೆ ಅಂತ ಎಷ್ಟು ಸಲ ಹೇಳ್ತೀರಿ? ತೋರಿಸಿ, ನೋಡುವ."

ಜಯಪ್ರಕಾಶನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. ದಮಯಂತಿ ತಲೆಯೆತ್ತಲಿಲ್ಲ. ಪುಂಜಾಲಕಟ್ಟೆಯ ಆ ವೆಲ್ಡಿಂಗ್ ಶೆಡ್ಡಿನ ತಗಡಿನ ಮೇಲೆ ಆಟಿ ತಿಂಗಳ ಮಳೆ ಬಡಿಯುತ್ತಿತ್ತು. ಒಳಗೆ, ಕಬ್ಬಿಣದ ಕಂಬಗಳ ಮೇಲೆ, ಅವನು ಕಲ್ಪಿಸಿ ಅವಳು ಕಟ್ಟಿಸುತ್ತಿದ್ದ ಕಾಲುಸಂಕ, ಹಲಗೆ ಹಾಸಿದ ಕಿರುಸೇತುವೆ, ಆಳೆತ್ತರವನ್ನು ಮೀರಿ ನಿಂತಿತ್ತು.

ಚಾರ್ಮಾಡಿಯ ತಪ್ಪಲಿನ ಹಳ್ಳಿಗಳಲ್ಲಿ ನೆರೆಗೆ ಸಿಕ್ಕಿ ಸತ್ತವರ ನೆನಪಿಗಾಗಿ, ಮಳೆಗಾಲ ಕಳೆದ ಮೇಲೆ ಬಂಟ್ವಾಳದ ಹೊಳೆಬದಿಯಲ್ಲಿ ನಿಲ್ಲಬೇಕಾದ ಕಲಾಕೃತಿ ಅದು. ನೀರಿನತ್ತ ಚಾಚಿ, ಆಚೆ ದಡವನ್ನು ಮುಟ್ಟದೆ ನಡುವೆಯೇ ಮುಗಿಯುವ ಸಂಕ. ಸಾವು ಕಂಡ ಒಂದೊಂದು ಮನೆಯಿಂದ ಒಂದೊಂದು ಹಲಗೆ. ಅವನು ಶಿಲ್ಪಿ; ಮನೆಮನೆಗೆ ಹೋಗಿ ಹಲಗೆ ಬೇಡುವುದು, ಪುರಸಭೆಯ ಅನುಮತಿ, ಅಡಿಪಾಯ, ಕ್ರೇನು, ಎಲ್ಲವೂ ಅವಳ ಪಾಲಿನವು. ಎಲ್ಲವನ್ನೂ ಆಕೆ ಪೂರೈಸಿದ್ದಳು. ನಡುವಿನ ಒಂದು ಹಲಗೆಯ ಜಾಗ ಮಾತ್ರ ಉದುರಿದ ಹಲ್ಲಿನಂತೆ ಬರಿದಾಗಿತ್ತು.

"ನನ್ನ ಕೆಲಸ ಹಿಡಿಸದಿದ್ದರೆ ಹೇಳಿಬಿಡಿ. ಅಲ್ಲಿಗೆ ಬೇರೆ ಹಲಗೆ ಹಾಕಿಸ್ತೇನೆ," ಎಂದ ಅವನು.

"ಬೇರೆಯದು ಬೇಡ."

"ಅದನ್ನು ಕೊಡುವುದಿಲ್ಲ, ಬೇರೆಯದೂ ಬೇಡ. ಒಳ್ಳೆ ಕಥೆ ಮಾರಾಯ್ರೆ. ಜನ ಅಲ್ಲಿ ಹಾರಬೇಕಾ?"

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಕಬ್ಬಿಣದ ಧೂಳು ಮೆತ್ತಿದ ಅವನ ರೆಪ್ಪೆಗಳನ್ನು ಕದ್ದು ನೋಡುವುದು, ಅವನು ತಿರುಗುವಷ್ಟರಲ್ಲಿ ಫೋನಿನತ್ತ ಕಣ್ಣು ಹೊರಳಿಸುವುದು, ಈ ಆಟ ಬೇಸಿಗೆಯಿಂದಲೂ ನಡೆದಿತ್ತು. ಅವಳನ್ನು ಹೆದರಿಸುತ್ತಿದ್ದುದು ಆ ಆಟವೇ.

ಬಾಗಿಲಲ್ಲಿ ಕೊಡೆ ಮಡಚಿದ ಸದ್ದಾಯಿತು. ಬಂದವರು ಕಕ್ಕಿಂಜೆಯ ಕಾವೇರಮ್ಮ. ಅವರ ಮಗ ಸಂದೇಶನೊಂದಿಗೆ ದಮಯಂತಿಯ ನಿಶ್ಚಿತಾರ್ಥವಾಗಿತ್ತು. ನೆರೆಯ ದಿನ, ಕೊಟ್ಟಿಗೆಯ ದನ ಬಿಚ್ಚಿ ಬಿಡಲೆಂದು ಮನೆಯೆದುರಿನ ಪುಟ್ಟ ಹಳ್ಳದ, ತೋಡಿನ, ಸಂಕಕ್ಕೆ ಕಾಲಿಟ್ಟವನು ಆಚೆಗೆ ತಲುಪಲಿಲ್ಲ. ಸಂಕದ ಹಲಗೆ ಕೆಳಗಿನ ಯಾರದೋ ಗದ್ದೆಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ.

"ಸಂದೇಶನಿಗೆ ಹೆಣ್ಣು ಸಿಕ್ಕಿತು ಮಗಾ," ಎಂದರು ಕಾವೇರಮ್ಮ. "ಶಿರ್ತಾಡಿ ಕಡೆಯದು. ಜ್ವರದಲ್ಲಿ ಹೋದ ಹುಡುಗಿ. ಆಟಿ ಮುಗಿಯುವುದರೊಳಗೆ ಮದುವೆ ಮಾಡುವ ಅಂತ ಉಂಟು. ದಿನಾ ಕನಸಿಗೆ ಬಂದು ಜಗಲಿಯಲ್ಲಿ ಕೂರ್ತಾನೆ, ಒಳಗೆ ಬರುವುದಿಲ್ಲ."

ಮದುವೆಯಾಗದೆ ಸತ್ತವರಿಗೆ ಸತ್ತವರನ್ನೇ ಹುಡುಕಿ ಧಾರೆಯೆರೆಯುವುದು ಅಲ್ಲಿಯ ವಾಡಿಕೆ. ದಮಯಂತಿಗೆ ಅದು ಹೊಸದಲ್ಲ. ಆದರೂ ಅವಳ ಬಾಯಿಂದ ಮಾತು ಜಾರಿತು: "ಹುಡುಗಿ ಹೇಗಿದ್ದಳಂತೆ?"

ಕೇಳಿದ ಮೇಲೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಸತ್ತವಳ ಮೇಲೂ ಹೊಟ್ಟೆಕಿಚ್ಚು.

"ಚಂದ ಇದ್ದಳಂತೆ. ನಿನ್ನಷ್ಟು ಮಾತಿನವಳಲ್ಲ." ಕಾವೇರಮ್ಮ ಅವಳ ಕೈ ಹಿಡಿದರು. "ಧಾರೆಸೀರೆಯ ಹರಿವಾಣ ನೀನೇ ಹಿಡಿಯಬೇಕು. ನೀನು ಬಿಟ್ಟುಕೊಡದೆ ಅವಳು ಹೇಗೆ ಬಂದಾಳು? ಮತ್ತೆ, ನಮ್ಮ ಹಲಗೆ ಎಲ್ಲಿ ಹಾಕಿದ್ದೀರಿ? ಒಮ್ಮೆ ಮುಟ್ಟಿ ಹೋಗ್ತೇನೆ."

ಜಯಪ್ರಕಾಶ ಬರಿದಾದ ಜಾಗವನ್ನು ನೋಡಿದ. ಬಳಿಕ ದಮಯಂತಿಯ ಮುಖವನ್ನು.

"ಎಣ್ಣೆ ಹಚ್ಚಿ ಒಣಗಲಿಕ್ಕೆ ಇಟ್ಟಿದ್ದೇವೆ ಅಮ್ಮ," ಎಂದ. "ಮದುವೆಯ ಮರುದಿನ ಹಾಕ್ತೇವೆ."

ಮುದುಕಿ ಹೋದ ಮೇಲೆ ಅವನು ಬೆಸುಗೆಯ ಕೆಲಸಕ್ಕೆ ತಿರುಗಿದ. ದಮಯಂತಿಯೇ ಹೇಳಿದಳು: "ಗೆದ್ದಲು ಇಲ್ಲ. ಹಲಗೆ ನನ್ನ ಕೋಣೆಯ ಹಿಂದೆ ಉಂಟು. ಜನ ಚಪ್ಪಲಿ ಹಾಕಿ ತುಳಿಯುತ್ತಾರಲ್ಲ."

"ಸಂದೇಶರೂ ದಿನಾ ತುಳಿದದ್ದೇ," ಎಂದ ಅವನು, ಮೆಲ್ಲಗೆ.

ಮದುವೆಯ ಚಪ್ಪರದಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಬಿಳಿ ಅಂಗಿ, ಪಂಚೆ. ಇನ್ನೊಂದಕ್ಕೆ ಅವಳು ಹಿಡಿದು ತಂದ ಸೀರೆ. ಮದುಮಗಳಿಗೆ ಉಟ್ಟುಕೊಳ್ಳಲು ಹೊತ್ತು ಬೇಕೆಂದು ಎಲ್ಲರೂ ಸುಮ್ಮನೆ ಕಾದರು. "ಪುಣ್ಯವಂತ, ಜಗಳ ಮಾಡದ ಹೆಂಡತಿ," ಎಂದರು ಯಾರೋ, ಕಾವೇರಮ್ಮನೂ ನಕ್ಕರು. ದಮಯಂತಿ ಹರಿವಾಣ ಕೆಳಗಿಟ್ಟಳು. ಕೈಗಳು ಹಗುರಾಗಲಿಲ್ಲ, ಬರಿದಾದವು ಅಷ್ಟೆ.

ಮರುದಿನ ಶೆಡ್ಡಿನಲ್ಲಿ ಹಲಗೆ ತನ್ನ ಜಾಗ ಸೇರಿತು. ಮೊದಲ ಭಾರ ಬೀಳುವಾಗ ಕಟ್ಟಿದವನು ಕೆಳಗೆ ನಿಂತಿರಬೇಕೆಂಬುದು ಜಯಪ್ರಕಾಶನ ಕಟ್ಟಳೆ. ಭಾರ ಪರೀಕ್ಷಿಸಲೆಂದು ಮರಳಿನ ಚೀಲಗಳನ್ನು ಹೇರುವ ಮೊದಲೇ ದಮಯಂತಿ ಏಣಿ ಹತ್ತಿದಳು, ಚಪ್ಪಲಿ ಬಿಚ್ಚದೆ. ಅವನು ಸಂಕದಡಿಗೆ ಹೋಗಿ ನಿಂತ.

ಆ ಹಲಗೆಯ ಮೇಲೆ ಅವಳ ಕಾಲು ತಡೆಯಿತು.

"ಹೆದರಿಕೆ ಆಗ್ತದಾ?" ಕೆಳಗಿನಿಂದ ದನಿ.

"ಹೌದು. ಅವನನ್ನು ಮರೆಯಲಿಕ್ಕೆ ನನ್ನಿಂದ ಆಗಲಿಕ್ಕಿಲ್ಲ."

"ಮರೆಯಿರಿ ಅಂತ ನಾನು ಹೇಳಿದ್ದುಂಟಾ?" ಅವನು ಮತ್ತೆ ಹೇಳಿದ: "ಎಷ್ಟು ಹೊತ್ತು ಬೇಕೋ ನಿಲ್ಲಿ. ನಿಮ್ಮನ್ನು ಬಿಟ್ಟು ಹೋಗುವ ಮನಸ್ಸು ನನಗೆ ಯಾವತ್ತೋ ಹೋಯಿತು."

ಹಲಗೆಗಳ ಸಂದಿಯಲ್ಲಿ ಅವನ ಮುಖ ಕಂಡಿತು. ರೆಪ್ಪೆಯ ಮೇಲೆ ಅದೇ ಧೂಳು. ಈ ಸಲ ಅವಳು ಕಣ್ಣು ಹೊರಳಿಸಲಿಲ್ಲ. ಹಲಗೆ ಒಮ್ಮೆ ನರಳಿ ಅವಳ ಭಾರಕ್ಕೆ ಒಗ್ಗಿಕೊಂಡಿತು. ಅವಳು ಮುಂದಕ್ಕೆ ನಡೆದು ಸಂಕ ಮುಗಿಯುವಲ್ಲಿ ನಿಂತಳು.

"ಮೇಲೆ ಬನ್ನಿ. ಇಬ್ಬರ ಭಾರ ತಡೀತದಾ ನೋಡುವ."

"ಕೆಳಗೆ ಯಾರು ನಿಲ್ಲುವುದು?"

"ಯಾರೂ ಬೇಡ."

ಮಳೆಯ ಸದ್ದಿನ ನಡುವೆ ಏಣಿಯ ಮೊದಲ ಮೆಟ್ಟಿಲು ಕಿರುಗುಟ್ಟಿತು.